ಮೊದಲ ಚಮಚ

ಜನವರಿ 9, ಸೋಮವಾರ

ಬರೆಯುವುದು ಬಿಟ್ಟು ಬಹಳ ಕಾಲವಾಗಿತ್ತು. ಇವತ್ತು ಬರೆಯದೇ ಹೋದರೆ ಯಾರ ಮುಂದಾದರೂ ಬಾಯಿ ಬಿಟ್ಟುಬಿಡುತ್ತೇನೆ ಎಂಬ ಭಯಕ್ಕೆ ಕೂತಿದ್ದೇನೆ.

ನಮ್ಮ ಆರೈಕೆ ಮನೆಯ ಮೂಲೆಕೋಣೆಗೆ ಬೆಳಿಗ್ಗೆ ಹೊಸ ರೋಗಿ ಬಂದ. ಪಾರ್ಶ್ವವಾಯು. ಬಲಗೈ ಬಲಗಾಲು ಸ್ವಾಧೀನದಲ್ಲಿಲ್ಲ, ಮಾತು ತೊದಲು. ಗಾಲಿಕುರ್ಚಿ ತಳ್ಳಿಕೊಂಡು ಬಂದವನು ಮಗ. ‘ಬೆಳಗಿನ ಪಾಳಿ ನಿಮ್ಮದೇ ಅಲ್ವಾ? ಸ್ನಾನ, ಊಟ ಎಲ್ಲಾ ನೀವೇ ನೋಡ್ಕೊಳ್ಳಿ’ ಎಂದು ಮೇಲ್ವಿಚಾರಕಿ ನನ್ನ ಕೈಗೆ ಟವೆಲುಗಳ ಕಟ್ಟು ಕೊಟ್ಟು ಹೋದರು. ನಾನು ಬಗ್ಗಿ ಅವನ ಸತ್ತ ಕಾಲನ್ನು ಕುರ್ಚಿಯಿಂದ ಕೆಳಗಿಳಿಸಿದೆ. ಆಮೇಲೆ ತಲೆ ಎತ್ತಿ ಮುಖ ನೋಡಿದೆ.

ಬಣ್ಣದ ಮಿಲ್ಲಿನ ಫೋರ್‌ಮನ್.

ಮೈ ಇಳಿದುಹೋಗಿದೆ, ಮೀಸೆ ಬೋಳಿಸಿದ್ದಾರೆ. ಆದರೂ ಗುರುತು ತಪ್ಪುವ ಮುಖವಲ್ಲ ಅದು. ವಿಚಾರಣೆಯ ದಿನ ನನ್ನೆದುರಿನ ಬೆಂಚಿನಲ್ಲೇ ಕೂತು, ಒಂದು ಸಲವೂ ತಡವರಿಸದೆ ಹೇಳಿದ್ದ: ‘ಹಬೆ ಬಿಡೋ ವಾಲ್ವಿಗೆ ತಂತಿ ಬಿಗೀಬೇಡ ಅಂತ ನಾನು ಹೇಳಿದ್ದೆ ಸ್ವಾಮಿ. ಬಾಯ್ಲರಿನವನೇ ನನ್ನ ಮಾತು ಮೀರಿ ಬಿಗಿದ.’ ಬಾಯ್ಲರಿನವನು ಎಂದರೆ ನಮ್ಮ ಮನೆಯವರು. ಬಾಯ್ಲರ್ ಸಿಡಿದಾಗ ಅವರ ಜೊತೆ ಇನ್ನಿಬ್ಬರು ಹೋದರು. ಮೂರೂ ಸಾವಿನ ತಪ್ಪು ನಮ್ಮ ಮನೆಯವರ ತಲೆಯ ಮೇಲೇ ಬಿತ್ತು. ಸಿಡಿಯುವ ಹಿಂದಿನ ಸಂಜೆ ಅವರು ಕೈ ತೊಳೆಯುತ್ತಾ ನನಗೆ ಹೇಳಿದ್ದರು, ‘ಫೋರ್‌ಮನ್ ತಂತಿ ಬಿಗಿ ಅಂತ ಕೂತಿದಾನೆ, ಮನಸ್ಸಿಗೆ ಸರಿಬರ್ತಾ ಇಲ್ಲ’ ಎಂದು. ಅದನ್ನು ನಾನು ವಿಚಾರಣೆಯಲ್ಲಿ ಹೇಳಿದೆ. ಹೆಂಡತಿ ಹೀಗಲ್ಲದೆ ಇನ್ನು ಹೇಗೆ ಹೇಳುತ್ತಾಳೆ ಎಂದು ಒಬ್ಬರು ನಕ್ಕರು.

ಆ ಮುಖವನ್ನು ಇವತ್ತು ಒದ್ದೆ ಬಟ್ಟೆಯಿಂದ ಒರೆಸಿದೆ.

ಕರ್ತನೇ, ಇಷ್ಟು ದೊಡ್ಡ ಊರಿನಲ್ಲಿ ನಿನಗೆ ಬೇರೆ ಯಾರೂ ಸಿಗಲಿಲ್ಲವೇ?

ಜನವರಿ 10, ಮಂಗಳವಾರ

ಮಗಳಿಗೆ ಹೇಳಬಾರದು ಎಂದುಕೊಂಡಿದ್ದೆ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಕಂಡವರ ಕಣ್ಣು ಪರೀಕ್ಷೆ ಮಾಡುವವಳು ಅವಳು. ನನ್ನ ಕಣ್ಣು ನೋಡಿಯೇ ಹಿಡಿದಳು.

‘ಏನಾಯ್ತಮ್ಮ?’

ಹೇಳಿದೆ. ಅವಳು ತಟ್ಟೆಯನ್ನು ಹಿಂದಕ್ಕೆ ತಳ್ಳಿದಳು.

‘ನಾಳೆನೇ ಪಾಳಿ ಬದಲಿಸ್ಕೋ.’

‘ನೋಡೋಣ.’

‘ನೋಡೋದೇನು? ಸ್ಕೂಲಲ್ಲಿ ನನ್ನನ್ನ ಬಾಯ್ಲರ್ ಅಂತ ಕರೀತಿದ್ರು. ಅಪ್ಪನ ಜೊತೆ ಸತ್ತವರಿಬ್ಬರ ಮಕ್ಕಳು ನನ್ನ ಪಕ್ಕ ಕೂರ್ತಿರಲಿಲ್ಲ. ಅವನ ಬಾಯಿಗೆ ನೀನು ಅನ್ನ ಇಡ್ತೀಯಾ?’

ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ನಾನು ಮಾಡುವ ಪ್ರಾರ್ಥನೆ ಒಂದೇ: ನೀನು ಕಳಿಸಿದ ಕಡೆ ಹೋಗುತ್ತೇನೆ. ಇಷ್ಟು ವರ್ಷ ಅದು ಬಾಯಿಪಾಠದಂತೆ ಬರುತ್ತಿತ್ತು. ಇವತ್ತು ಗಂಟಲಲ್ಲಿ ಸಿಕ್ಕಿಕೊಂಡಿತು.

ಜನವರಿ 15, ಭಾನುವಾರ

ಆರಾಧನೆ ಮುಗಿದ ಮೇಲೆ ಚರ್ಚಿನ ಅಯ್ಯನವರ ಹತ್ತಿರ ಹೋದೆ. ಅವರು ಪಾಠದ ಕೋಣೆಯಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಎಲ್ಲ ಕೇಳಿಸಿಕೊಂಡು ಕೊನೆಯ ಕುರ್ಚಿಯ ಮೇಲೆ ತಾವೇ ಕೂತುಬಿಟ್ಟರು.

‘ಪಾಳಿ ಬದಲಿಸಿಕೊಂಡ್ರೆ ಅದೇನು ಪಾಪ ಅಲ್ಲ ಕಣಮ್ಮ.’

‘ಮಾಡಬೇಕಾ ಬೇಡವಾ, ಅದನ್ನ ಹೇಳಿ ಅಯ್ಯನವರೇ.’

‘ಅದನ್ನ ನಾನು ಹೇಗೆ ಹೇಳಲಿ? ನನಗೆ ಅಷ್ಟು ಶಕ್ತಿ ಇಲ್ಲ. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಬದಲಿಸಿಕೊಳ್ತಿದ್ದೆನೋ ಏನೋ.’

ಬೇಜಾರಾಯಿತು. ಅಪ್ಪಣೆ ಕೇಳಲು ಹೋದರೆ ಅವರು ರಜೆ ಕೊಟ್ಟು ಕಳಿಸಿದರು.

ಬೇಡ. ರಜೆ ನನಗೆ ಬೇಡ. ವೈರಿಗೆ ಹಸಿವಾದರೆ ಊಟ ಕೊಡು ಎಂದು ಚಿಕ್ಕಂದಿನಿಂದ ಕಲಿತಿದ್ದೇನೆ. ಕಲಿತದ್ದು ಕಲಿತಷ್ಟಕ್ಕೇ ಉಳಿಯುವುದಾದರೆ ಕಲಿತು ಏನು ಬಂತು? ಆದರೆ ಒಂದು ಮಾತು ಕರ್ತನಿಗೆ ಸ್ಪಷ್ಟವಾಗಿ ಹೇಳಿದ್ದೇನೆ. ಮಾಡುವುದು ನಿನಗಾಗಿ. ಅವನಿಗಾಗಿ ಅಲ್ಲ. ಪ್ರತಿ ತುತ್ತಿಗೂ ಮನಸ್ಸಿನಲ್ಲಿ ಅದನ್ನೇ ಹೇಳಿಕೊಳ್ಳುತ್ತೇನೆ.

ಜನವರಿ 19, ಗುರುವಾರ

ತುತ್ತಿನ ಮಾತು ದೂರ ಉಳಿಯಿತು, ಅವನು ಬಾಯಿಯನ್ನೇ ತೆರೆಯುತ್ತಿಲ್ಲ. ಚಮಚ ತಂದರೆ ಮುಖ ಗೋಡೆಗೆ ತಿರುಗಿಸುತ್ತಾನೆ. ಹಲ್ಲು ಕಚ್ಚುತ್ತಾನೆ. ಸಂಜೆ ಪಾಳಿಯ ದಾದಿ ಕೊಟ್ಟರೆ ಅರ್ಧ ಬಟ್ಟಲು ಕುಡಿಯುತ್ತಾನಂತೆ, ಆದರೆ ಆಕೆಗೆ ಇಡೀ ಸಾಲು ಕೋಣೆಗಳ ಕೆಲಸ. ಎರಡು ಚಮಚ ಸುರಿದು ಓಡುತ್ತಾಳೆ, ಅದು ಗಲ್ಲದ ಮೇಲೆ ಇಳಿದು ಒಣಗಿ ಅಂಟಿಕೊಂಡಿರುತ್ತದೆ. ಬೆಳಿಗ್ಗೆ ಅದನ್ನು ಕೆರೆದು ತೆಗೆಯುವವಳು ನಾನು.

ಸೊಕ್ಕು. ಕಾಲು ಬಿದ್ದುಹೋದರೂ ಫೋರ್‌ಮನ್‌ಗಿರಿ ಹೋಗಿಲ್ಲ.

ಹಾಸಿಗೆ ಬದಲಿಸುವಾಗ ಅವನನ್ನು ಸ್ವಲ್ಪ ಒರಟಾಗಿಯೇ ಹೊರಳಿಸಿದೆ. ಯಾರೂ ನೋಡಲಿಲ್ಲ.

ಜನವರಿ 23, ಸೋಮವಾರ

ಮೇಲ್ವಿಚಾರಕಿ ಕರೆದು ಬಾಗಿಲು ಹಾಕಿಕೊಂಡರು.

‘ಮೂಲೆಕೋಣೆಯವರು ಮಗನ ಹತ್ತಿರ ಏನೋ ಹೇಳಿದಾರಂತೆ. ಬೆಳಿಗ್ಗೆ ಬರೋ ಹೆಂಗಸು ಊಟದಲ್ಲಿ ಏನೋ ಹಾಕಿ ಸಾಯಿಸ್ತಾಳೆ ಅಂತ. ಅಳ್ತಾ ಇದ್ರಂತೆ. ಏನಿದು? ನಿಮಗೆ ಅವರು ಮೊದಲೇ ಗೊತ್ತಾ?’

ಮೊದಲ ದಿನದಿಂದಲೇ ಅವನಿಗೆ ನನ್ನ ಗುರುತು ಸಿಕ್ಕಿದೆ. ಸಿಗದೆ ಏನು, ದಿನಾ ಮಧ್ಯಾಹ್ನ ಬುತ್ತಿ ಹಿಡಿದು ಮಿಲ್ಲಿನ ಗೇಟಿನಲ್ಲಿ ನಿಲ್ಲುತ್ತಿದ್ದವಳು ನಾನು. ಸೊಕ್ಕು ಎಂದುಕೊಂಡದ್ದು ಹೆದರಿಕೆ. ನಾನು ಸ್ನಾನ ಮಾಡಿಸುವಾಗ ಅವನ ಎಡಗೈ ಮಂಚದ ಸರಳನ್ನು ಬೆರಳು ಬೆಳ್ಳಗಾಗುವಷ್ಟು ಹಿಡಿದುಕೊಳ್ಳುತ್ತಿದ್ದದ್ದು ಅದಕ್ಕೇ.

ಮೇಲ್ವಿಚಾರಕಿಗೆ ಎಲ್ಲ ಹೇಳಿದೆ. ಅವರು ತಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಬೇರೆ ಸಾಲು ಕೊಡ್ತೀನಿ. ನಾಳೆಯಿಂದ ಆ ಕೋಣೆಗೆ ಹೋಗಬೇಡಿ.’

ಹೊರಗೆ ಬಂದಾಗ ಎಷ್ಟು ಹಗುರವಾಯಿತೆಂದರೆ, ಓಣಿಯಲ್ಲಿ ನಿಂತು ದೊಡ್ಡದಾಗಿ ಉಸಿರುಬಿಟ್ಟೆ. ಒಳಗೊಳಗೇ ಬೇಡಿಕೊಂಡದ್ದು ಸಿಕ್ಕಿತಲ್ಲ. ಮಗಳಿಗೆ ಹೇಳಿದೆ, ಅವಳು ನನಗೆ ಇಷ್ಟವೆಂದು ಬೇಕರಿಯಿಂದ ಕೇಕು ತಂದಳು.

ಜನವರಿ 24, ಮಂಗಳವಾರ

ಮಧ್ಯಾಹ್ನ ಮೂಲೆಕೋಣೆಯ ಮುಂದೆ ಹಾದುಹೋಗುವಾಗ ಬಾಗಿಲು ತೆರೆದಿತ್ತು. ಊಟದ ತಟ್ಟೆ ಮೇಜಿನ ಮೇಲೆ ಹಾಗೇ ಇತ್ತು, ಮುಚ್ಚಳ ಕೂಡ ತೆಗೆದಿರಲಿಲ್ಲ. ಅವನು ಎಡಗೈ ಚಾಚುತ್ತಿದ್ದ. ತಟ್ಟೆ ಒಂದು ಗೇಣು ಆಚೆಗಿತ್ತು.

ಮುಂದೆ ಹೋದೆ. ಓಣಿಯ ತುದಿಯವರೆಗೂ ಹೋದೆ. ಮತ್ತೆ ವಾಪಸು ಬಂದೆ.

ಕರ್ತನ ಮೇಲೆ ಕೋಪವೇ ಬಂತು. ಬಿಟ್ಟೆ ಎಂದು ಹೇಳಿ ಮತ್ತೆ ಸೆರಗು ಹಿಡಿದು ಎಳೆಯುವುದು ಯಾವ ನ್ಯಾಯ?

ಒಳಗೆ ಹೋದದ್ದೇ ತಡ, ಅವನು ಕೈ ಹಿಂದೆಗೆದು ಎದೆಗೆ ಒತ್ತಿಕೊಂಡ. ನಾನು ಕುರ್ಚಿ ಎಳೆದು ಕೂತೆ. ಸೂಪಿನ ಮುಚ್ಚಳ ತೆಗೆದೆ. ಒಂದು ಚಮಚ ತುಂಬಿ ನಾನೇ ಕುಡಿದೆ, ಅವನು ನೋಡುತ್ತಿರುವಂತೆ. ತಣ್ಣಗಾಗಿತ್ತು, ಉಪ್ಪೇ ಇರಲಿಲ್ಲ. ಬಾಯಿ ತೆರೆದು ತೋರಿಸಿದೆ, ನುಂಗಿದ್ದೇನೆ ಎಂದು. ಆಮೇಲೆ ಎರಡನೇ ಚಮಚ ತುಂಬಿ ಅವನ ಬಾಯಿಯ ಹತ್ತಿರ ಹಿಡಿದೆ.

ಬಹಳ ಹೊತ್ತು ಹಿಡಿದುಕೊಂಡಿದ್ದೆ. ತೋಳು ನೋಯತೊಡಗಿತು. ಕೊನೆಗೆ ಬಾಯಿ ತೆರೆದ.

ಬಟ್ಟಲು ಮುಗಿಯುವವರೆಗೂ ಹೀಗೇ. ನನಗೊಂದು, ಅವನಿಗೊಂದು. ಪ್ರತಿ ಚಮಚಕ್ಕೂ ‘ನಿನಗಾಗಿ, ಇವನಿಗಾಗಿ ಅಲ್ಲ’ ಎಂದು ಹೇಳಿಕೊಂಡೆ. ಮೇಲ್ವಿಚಾರಕಿಗೆ ಹೋಗಿ, ಆ ಕೋಣೆ ನನಗೇ ಇರಲಿ ಎಂದೆ. ‘ನಿಮ್ಮ ತಲೆ ಸರಿ ಇದೆಯಾ?’ ಎಂದರು, ಕೊನೆಗೆ ಒಪ್ಪಿದರು.

ಫೆಬ್ರವರಿ 3, ಶುಕ್ರವಾರ

ಈಗ ಮೊದಲ ಚಮಚ ಮಾತ್ರ ನಾನು ಕುಡಿದು ತೋರಿಸಿದರೆ ಸಾಕು, ಉಳಿದದ್ದನ್ನು ಆತ ಹೆದರದೆ ಕುಡಿಯುತ್ತಾನೆ. ನುಂಗುವುದಕ್ಕೆ ಸಮಯ ಬೇಕು. ಅವಸರ ಮಾಡಿದರೆ ಕೆಮ್ಮು ಬಂದು ಕಣ್ಣು ಮೇಲಾಗುತ್ತದೆ.

ಇವತ್ತು ಉಗುರು ಕತ್ತರಿಸುತ್ತಿದ್ದೆ. ಹೆಬ್ಬೆರಳಿನ ಉಗುರಿನ ಅಡಿಯಲ್ಲಿ ನೀಲಿ ಬಣ್ಣ ಇನ್ನೂ ಇದೆ, ಮಿಲ್ಲಿನದು. ನಮ್ಮ ಮನೆಯವರ ಕೈ ಹೀಗಿರಲಿಲ್ಲ, ಅವರದು ಮಸಿ. ಅದನ್ನೇ ನೋಡುತ್ತಿರುವಾಗ ಆತ ಏನೋ ಹೇಳಿದ. ತೊದಲು. ಬಗ್ಗಿ ಕಿವಿ ಕೊಟ್ಟೆ.

‘ತಂತಿ.’

ಕತ್ತರಿ ಕೆಳಗಿಟ್ಟೆ.

‘ತಂತಿ... ಅವನಲ್ಲ.’ ಎಡಗೈಯಿಂದ ತನ್ನ ಎದೆಯನ್ನು ತಟ್ಟಿಕೊಂಡ. ‘ಅವನಲ್ಲ.’

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಿಟಕಿಯಾಚೆ ಹಾಲಿನ ಗಾಡಿಯಿಂದ ಡಬ್ಬಗಳನ್ನು ಇಳಿಸುತ್ತಿದ್ದರು. ‘ಏನಂದ್ರಿ? ಇನ್ನೊಂದ್ಸಲ ಹೇಳಿ’ ಎಂದೆ. ಆತನ ಕಣ್ಣಲ್ಲಿ ನೀರು ಬಂತು, ಮಾತು ಬರಲಿಲ್ಲ.

ಉಳಿದ ಉಗುರುಗಳನ್ನು ಕತ್ತರಿಸಿದೆ. ಎಷ್ಟೋ ವರ್ಷಗಳಿಂದ ಕಾದಿದ್ದ ಮಾತು ಅದು. ಬಂದಾಗ ಏನೂ ಅನಿಸಲಿಲ್ಲ. ಬಸ್ಸಿನಲ್ಲಿ ಮಾತ್ರ ನನ್ನ ನಿಲ್ದಾಣ ದಾಟಿ ಎಲ್ಲೋ ಹೋಗಿಬಿಟ್ಟಿದ್ದೆ.

ಫೆಬ್ರವರಿ 4, ಶನಿವಾರ

ಮಗಳು ಎದ್ದು ನಿಂತೇಬಿಟ್ಟಳು.

‘ಇದನ್ನ ಎಲ್ಲರ ಮುಂದೆ ಹೇಳ್ಬೇಕು ಅವನು.’

‘ಎರಡು ಶಬ್ದ ಆಡೋಕೆ ಕಷ್ಟಪಡ್ತಾನೆ.’

‘ಆ ಎರಡು ಶಬ್ದ ಸಾಕು. ನನ್ನ ಫೋನ್ ತಗೊಂಡು ಹೋಗು. ಇಲ್ಲಿ ಒತ್ತಿ ಜೇಬಲ್ಲಿ ಇಟ್ಕೋ, ಅಷ್ಟೇ. ಸತ್ತ ಆ ಇಬ್ಬರ ಮನೆಯವರಿಗೆ ಕೇಳಿಸ್ತೀನಿ. ಮಿಲ್ಲಿನವರಿಗೆ ಕೇಳಿಸ್ತೀನಿ.’

‘ಹೇಳದಿದ್ರೆ?’

‘ಹೇಳೋವರೆಗೂ ಊಟ ಕೊಡಬೇಡ.’

ಬೈಯಬೇಕಿತ್ತು. ಬೈಯಲಿಲ್ಲ. ಅವಳ ಮುಖದಲ್ಲಿ ಅವಳಪ್ಪನನ್ನು ಕಂಡೆ. ಆ ಮುಖ ನಕ್ಕು ಎಷ್ಟು ಕಾಲವಾಯಿತು.

ಫೆಬ್ರವರಿ 6, ಸೋಮವಾರ

ಮಾಡಬಾರದ್ದನ್ನು ಮಾಡಿದೆ.

ಬೆಳಿಗ್ಗೆ ಆತನಿಗೆ ಗಂಟಲು ಒಣಗಿತ್ತು, ನೀರು ಎಂದು ಕೈ ತೋರಿಸಿದ. ಲೋಟ ತುಂಬಿದೆ. ಜೇಬಿನಲ್ಲಿದ್ದ ಫೋನನ್ನು ಒತ್ತಿದೆ. ಲೋಟವನ್ನು ಕಾಣುವಂತೆ ಹಿಡಿದು, ಕೈಗೆ ಸಿಗದಷ್ಟು ದೂರ ನಿಂತೆ.

‘ತಂತಿ ಯಾರು ಬಿಗಿ ಅಂದದ್ದು? ಹೇಳಿ. ಹೇಳಿದ್ರೆ ನೀರು.’

ಬಾಯಿ ಆಡಿಸಿದ. ನಾಲಿಗೆ ತುಟಿಗೆ ಅಂಟಿಕೊಂಡಿತ್ತು. ‘ಹೇಳಿ’ ಎಂದೆ ಮತ್ತೆ. ‘ಹೇಳಿ.’ ಆತನಿಗೆ ಕೆಮ್ಮು ಬಂತು, ಒಣ ಕೆಮ್ಮು, ನಿಲ್ಲಲೇ ಇಲ್ಲ. ಆ ಕೆಮ್ಮಿನ ನಡುವೆಯೂ ಕೈ ಲೋಟದ ಕಡೆಗೇ ಚಾಚಿತ್ತು. ನಾನು ನಿಂತೇ ಇದ್ದೆ. ಹೇಗೆ ನಿಂತೆನೋ.

ಆಮೇಲೆ ಕೊಟ್ಟೆ. ತಲೆ ಹಿಡಿದು ಸ್ವಲ್ಪ ಸ್ವಲ್ಪವಾಗಿ ಕುಡಿಸಿದೆ. ಆತ ನನ್ನ ಕಡೆ ನೋಡಲಿಲ್ಲ.

ಬಚ್ಚಲುಮನೆಗೆ ಹೋಗಿ ಫೋನಿನಲ್ಲಿ ಕೇಳಿದೆ. ಕೆಮ್ಮು, ಅಳು, ನಡುವೆ ಒಬ್ಬ ಹೆಂಗಸು ‘ಹೇಳಿ, ಹೇಳಿ’ ಎನ್ನುತ್ತಾಳೆ. ಯಾರೋ ಲಾಠಿ ಹಿಡಿದವರ ದನಿ. ನನ್ನದೆಂದು ಗುರುತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು.

ಅಳಿಸಿಹಾಕಿದೆ.

ಫೆಬ್ರವರಿ 7, ಮಂಗಳವಾರ

ಮೊದಲ ಚಮಚ ನಾನು ಕುಡಿದೆ. ಎರಡನೆಯದಕ್ಕೆ ಆತ ಬಾಯಿ ತೆರೆಯಲಿಲ್ಲ. ನನ್ನಿಂದ ತಪ್ಪಾಯಿತು ಎಂದು ಹೇಳಿದೆ. ಕೇಳಿಸಿತೋ ಇಲ್ಲವೋ.

ಮನೆಯಲ್ಲಿ ಮಗಳು ಫೋನಿಗಾಗಿ ಕೈ ಚಾಚಿದಳು. ಅಳಿಸಿದೆ ಎಂದೆ.

‘ಅಳಿಸಿದೆಯಾ?’

‘ಅದರಲ್ಲಿ ಆತ ಏನೂ ಹೇಳಿರಲಿಲ್ಲ. ನಾನು ಹಿಂಸೆ ಕೊಟ್ಟಿದ್ದು ಮಾತ್ರ ಇತ್ತು.’

‘ನಾಳೆ ಮತ್ತೆ ಕೇಳು.’

‘ಕೇಳಲ್ಲ.’

‘ಅಪ್ಪನಿಗಿಂತ ಅವನೇ ಹೆಚ್ಚಾದ್ನಾ ನಿನಗೆ?’

‘ಹಾಗಲ್ಲ ಮಗಾ.’

‘ಮತ್ತೆ ಹೇಗೆ? ನಿನ್ನ ದೇವರು ನಿನಗೆ ಬಗ್ಗು ಅಂತ ಮಾತ್ರ ಹೇಳ್ತಾನೆ. ಅವನಿಗೆ ಯಾವತ್ತಾದ್ರೂ ಏನಾದ್ರೂ ಹೇಳಿದಾನಾ?’

ಚೀಲಕ್ಕೆ ಬಟ್ಟೆ ತುಂಬಿಕೊಂಡು, ಅಂಗಡಿಯ ಗೆಳತಿಯ ಕೋಣೆಗೆ ಹೊರಟುಹೋದಳು. ಮೆಟ್ಟಿಲಿನಲ್ಲಿ ಚಪ್ಪಲಿಯ ಸದ್ದು ಕೇಳುತ್ತಾ ನಿಂತೆ. ಹಿಂದೆ ಓಡಬಹುದಿತ್ತು. ಓಡಿ ಏನು ಹೇಳುವುದು?

ಫೆಬ್ರವರಿ 8, ಬುಧವಾರ

ಬಾಯಿ ತೆರೆಯಲಿಲ್ಲ.

ಫೆಬ್ರವರಿ 10, ಶುಕ್ರವಾರ

ಅರ್ಧ ಬಟ್ಟಲು.

ಫೆಬ್ರವರಿ 19, ಭಾನುವಾರ

ಮಗಳು ಫೋನ್ ಎತ್ತುವುದಿಲ್ಲ. ಅಂಗಡಿಯ ಮುಂದೆ ಹೋಗಿ ಗಾಜಿನಿಂದ ನೋಡಿ ಬಂದೆ. ಯಾರಿಗೋ ಕನ್ನಡಕ ಹಾಕಿ ಕನ್ನಡಿ ಹಿಡಿದಿದ್ದಳು. ತೆಳ್ಳಗಾಗಿದ್ದಾಳೆ.

ಆರಾಧನೆಯಲ್ಲಿ ಹಾಡುವಾಗ ಬಾಯಿ ಆಡಿಸಿದೆ, ಒಳಗೆ ಏನೂ ಆಡಲಿಲ್ಲ. ನೀನು ಹೇಳಿದ್ದನ್ನು ಮಾಡಿದವಳಿಗೆ ಸಿಕ್ಕಿದ್ದು ಇದು: ಖಾಲಿ ಮನೆ, ಒಂದು ತಟ್ಟೆ, ಒಂದು ಲೋಟ. ದೂರುತ್ತಿಲ್ಲ. ಇಲ್ಲ, ದೂರುತ್ತಲೇ ಇದ್ದೇನೆ. ನಿನ್ನ ಮುಂದೆ ಮುಚ್ಚಿಟ್ಟು ಏನು ಬಂತು?

ಮಾರ್ಚ್ 2, ಗುರುವಾರ

ಅವರಿಗೆ ಎದೆಯಲ್ಲಿ ಕಫ ಕಟ್ಟಿದೆ. ಡಾಕ್ಟರು ನೋಡಿ, ಹೆಚ್ಚು ದಿನ ಇಲ್ಲ ಎಂದು ಮಗನಿಗೆ ಹೇಳಿದರು. ಮಗ ಮಿಲ್ಲಿನಲ್ಲೇ ಕೆಲಸದಲ್ಲಿದ್ದಾನೆ, ಈಗ ಫೋರ್‌ಮನ್ ಅವನೇ. ವಾರಕ್ಕೊಮ್ಮೆ ಬಂದು ಬಾಗಿಲ ಹತ್ತಿರ ನಿಂತು ಹೋಗುತ್ತಾನೆ.

ಸೂಪು ಕೊಡುವಾಗ ದಿಂಬು ಎಡಕ್ಕೆ ಸ್ವಲ್ಪ ಎತ್ತರವಿದ್ದರೆ ಅವರಿಗೆ ನುಂಗಲು ಸುಲಭ. ಸಂಜೆಯವಳಿಗೆ ಚೀಟಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಬಟಾಣಿಯ ಸಿಪ್ಪೆ ಗಂಟಲಿಗೆ ಸಿಕ್ಕುತ್ತದೆ ಎಂದು ಅಡುಗೆಮನೆಯಲ್ಲಿ ಜಗಳವಾಡಿ ಸೋಸಿಸಿಕೊಂಡು ಬಂದೆ. ಅಡುಗೆಯವನು ‘ನಿಮ್ಮ ತಂದೆನಾ ಅವರು?’ ಎಂದ.

ಒಂದು ವಿಷಯ ತಿದ್ದಿಕೊಳ್ಳಬೇಕು. ಮೊದಲೆಲ್ಲ ಪ್ರತಿ ತುತ್ತಿಗೂ ಕರ್ತನ ಹೆಸರು ಹೇಳಿಕೊಳ್ಳುತ್ತಿದ್ದೆ. ಈಗೀಗ ಸೂಪು ಬಿಸಿ ಇದೆಯೇ, ಕೆಮ್ಮು ಬರುತ್ತದೆಯೇ ಎಂದು ನೋಡುವುದರಲ್ಲೇ ಬಟ್ಟಲು ಮುಗಿದಿರುತ್ತದೆ. ಪ್ರಾರ್ಥನೆ ಮರೆತೇಹೋಗಿರುತ್ತದೆ. ಭಕ್ತಿ ಸಡಿಲವಾಗುತ್ತಿದೆ. ಒಬ್ಬಳೇ ಇರುವುದರಿಂದ ಮನಸ್ಸು ಹೀಗೆ ಹರಿದುಹೋಗುತ್ತದೋ ಏನೋ.

ಮಾರ್ಚ್ 8, ಬುಧವಾರ

ಬೆಳಿಗ್ಗೆ ಹೋದಾಗ ಉಸಿರು ಎಳೆಯುತ್ತಿತ್ತು. ಮಗನಿಗೆ ಫೋನ್ ಮಾಡಿಸಿದೆ. ಬಟ್ಟಲು ಮೇಜಿನ ಮೇಲೆ ಹಾಗೇ ತಣ್ಣಗಾಯಿತು. ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿ ಒದ್ದೆ ಮಾಡುತ್ತಾ ಕೂತೆ. ಎಡಗೈ ಏನನ್ನೋ ತಡಕುತ್ತಿತ್ತು, ನನ್ನ ಕೈ ಕೊಟ್ಟೆ. ಬೇರೆಯವರ ಕೈ ಎಂದುಕೊಂಡಿರಬಹುದು. ಮಗನದೋ, ಹೋದ ಹೆಂಡತಿಯದೋ. ಇರಲಿ.

ಮಗ ಬರುವಷ್ಟರಲ್ಲಿ ಮುಗಿದಿತ್ತು.

ಮೈ ತೊಳೆದೆ. ಕಿವಿಯ ಹಿಂದೆ, ಬೆರಳ ಸಂದಿನಲ್ಲಿ. ತಲೆ ಬಾಚಿದೆ. ಗಲ್ಲಕ್ಕೆ ಬಟ್ಟೆ ಕಟ್ಟಿದೆ. ಕಣ್ಣೀರು ಬಂದದ್ದು ಯಾಕೆಂದು ತಿಳಿಯಲಿಲ್ಲ, ನಮ್ಮ ಮನೆಯವರ ಮೈಯನ್ನು ತೊಳೆಯಲು ನನಗೆ ಕೊಡಲಿಲ್ಲ, ಪೆಟ್ಟಿಗೆ ಮುಚ್ಚಿಯೇ ತಂದಿದ್ದರು. ಅದಕ್ಕೇ ಇರಬೇಕು.

ಮಾರ್ಚ್ 10, ಶುಕ್ರವಾರ

ಸಾಮಾನು ತೆಗೆದುಕೊಂಡು ಹೋಗಲು ಮಗ ಬಂದಿದ್ದ. ಸ್ವೆಟರು, ರೇಡಿಯೋ, ಚಪ್ಪಲಿ ಚೀಲಕ್ಕೆ ತುಂಬಿ ಕೊಟ್ಟೆ.

‘ಕೊನೇಲಿ ಅಪ್ಪ ಏನಾದ್ರೂ ಹೇಳಿದ್ರಾ?’ ಎಂದ.

ಕೊನೆಯಲ್ಲಿ ಏನೂ ಇಲ್ಲ ಎಂದು ತಪ್ಪಿಸಿಕೊಳ್ಳಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಅವನು ನಿಜವಾಗಿ ಕೇಳಿದ್ದು ಬರೀ ಕೊನೆಯ ದಿನದ್ದಲ್ಲ.

‘ಒಂದು ದಿನ ಹೇಳಿದ್ರು. ತಂತಿ ಬಿಗಿದ ತಪ್ಪು ನಮ್ಮ ಮನೆಯವರದ್ದಲ್ಲ ಅಂತ. ಎದೆ ತಟ್ಟಿಕೊಂಡು ಹೇಳಿದ್ರು.’

ಅವನು ಬಾಗಿಲ ಕಡೆ ತಿರುಗಿ ನೋಡಿದ.

‘ಬೇರೆ ಯಾರಾದ್ರೂ ಕೇಳಿಸ್ಕೊಂಡ್ರಾ?’

‘ಇಲ್ಲ.’

‘ಹಾಗಾದ್ರೆ ಇದು ಇಲ್ಲೇ ಮುಗೀಲಿ.’

‘ನಾನಾಗಿ ಸಾರಿಕೊಂಡು ತಿರುಗಲ್ಲಪ್ಪ. ಯಾರಾದ್ರೂ ಕೇಳಿದ್ರೆ ಇಲ್ಲ ಅನ್ನೋಕೂ ಆಗಲ್ಲ.’

ಅವನ ಮುಖ ಬಿಗಿಯಿತು. ಅಪ್ಪನದೇ ಮುಖ, ವಿಚಾರಣೆಯ ದಿನದ್ದು. ‘ನೀವು ನೀರು ಕೊಡದೆ ಸತಾಯಿಸ್ತೀರ ಅಂತ ಅಪ್ಪ ಒಂದ್ಸಲ ಹೇಳಿದ್ರು. ಆಗ ನಾನು ನಂಬಿರಲಿಲ್ಲ’ ಎಂದು ಚೀಲ ಎತ್ತಿಕೊಂಡ.

ಮಾರ್ಚ್ 15, ಬುಧವಾರ

ಅವನು ದೂರು ಕೊಟ್ಟಿದ್ದಾನೆ. ಆರೈಕೆ ಮನೆಯ ಆಡಳಿತದವರು ಇಬ್ಬರು ಬಂದಿದ್ದರು. ನಾನು ಒಳಗೆ ಹೋಗುವ ಮೊದಲು ಮೇಲ್ವಿಚಾರಕಿ ನನ್ನನ್ನು ಓಣಿಯಲ್ಲಿ ತಡೆದು ನಿಲ್ಲಿಸಿದರು.

‘ನೋಡಿ, ನಿಮ್ಮಂಥವರು ಸಿಗೋದು ಕಷ್ಟ. ಆ ಮುದುಕರಿಗೆ ಬುದ್ಧಿ ಸ್ಥಿಮಿತದಲ್ಲಿ ಇರಲಿಲ್ಲ, ಏನೇನೋ ಬಡಬಡಿಸ್ತಿದ್ರು ಅಂತ ನಾನೂ ಹೇಳ್ತೀನಿ, ಸಂಜೆಯವಳೂ ಹೇಳ್ತಾಳೆ. ನೀವು ಇಲ್ಲ ಅಂದ್ರೆ ಸಾಕು. ಮುಗೀತು.’

ಬುದ್ಧಿ ಸ್ಥಿಮಿತದಲ್ಲೇ ಇತ್ತು. ಇಲ್ಲವೆಂದರೆ ನಮ್ಮ ಮನೆಯವರ ಬಗ್ಗೆ ಆಡಿದ್ದೂ ಬಡಬಡಿಕೆಯೇ ಆಗಬೇಕು.

ಒಳಗೆ ಉದ್ದನೆಯ ಮೇಜು. ಆಚೆ ಮೇಲ್ವಿಚಾರಕಿ ಸೇರಿ ಮೂವರು, ಈಚೆ ನಾನು.

‘ರೋಗಿಗೆ ಬೇಕಂತಲೇ ನೀರು ಕೊಡದೆ ಇದ್ದದ್ದು ನಿಜವಾ?’

ನಾಲಿಗೆ ಒಣಗಿತು. ಯಾರೂ ನೋಡಿಲ್ಲ. ಧ್ವನಿ ಅಳಿಸಿದ್ದೇನೆ. ಹೇಳಿದವರು ಮಣ್ಣಿನಲ್ಲಿದ್ದಾರೆ. ಈ ಕೆಲಸ ಹೋದರೆ ನನ್ನ ವಯಸ್ಸಿಗೆ ಇನ್ನೊಂದು ಕಡೆ ಯಾರು ಕರೆಯುತ್ತಾರೆ? ಇಲ್ಲ ಎಂಬುದು ಎಷ್ಟು ಚಿಕ್ಕ ಶಬ್ದ. ವಿಚಾರಣೆಯ ದಿನ ಅವರಿಗೂ ಹೀಗೇ ಅನಿಸಿರಬೇಕು, ಮನೆಯಲ್ಲಿ ಹೆಂಡತಿ, ಓದುವ ಮಗ. ಆ ಬೆಂಚಿನಲ್ಲಿ ಕೂತು ಅವರು ತಡವರಿಸದೆ ಹೇಳಿದ್ದು ಎಷ್ಟು ಹೆದರಿ ಇರಬೇಡ.

‘ನಿಜ’ ಎಂದೆ. ‘ಒಂದು ಸಲ.’

ಮೇಲ್ವಿಚಾರಕಿ ಕಣ್ಣು ಮುಚ್ಚಿಕೊಂಡರು.

ಮಾರ್ಚ್ 16, ಗುರುವಾರ

ಪೂರ್ತಿ ತೆಗೆದುಹಾಕಲಿಲ್ಲ. ಮೇಲ್ವಿಚಾರಕಿ ಕಾಡಿ ಬೇಡಿ ಉಳಿಸಿದರಂತೆ. ಇನ್ನು ಮೇಲೆ ರೋಗಿಗಳ ಹತ್ತಿರ ಹೋಗುವಂತಿಲ್ಲ. ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೆಲಸ.

ನ್ಯಾಯವೇ. ಆದರೂ ಮೇಲಿನ ಓಣಿಯಲ್ಲಿ ಮುದುಕಿಯೊಬ್ಬಳು ನನ್ನನ್ನು ಕರೆಯುವುದು ಕೇಳಿಸಿತು, ತಿರುಗಿ ನೋಡದೆ ಮೆಟ್ಟಿಲಿಳಿದೆ.

ಮಾರ್ಚ್ 20, ಸೋಮವಾರ

ಇಲ್ಲಿ ಕಿಟಕಿಯಿಲ್ಲ. ಹಬೆ, ಸೋಪಿನ ವಾಸನೆ, ಮೂಲೆಯಲ್ಲಿ ನೀರು ಕಾಯಿಸುವ ಬಾಯ್ಲರ್. ಮೊದಲ ದಿನ ಅದಕ್ಕೆ ಬೆನ್ನು ಹಾಕಿ ನಿಲ್ಲಲು ಆಗಲಿಲ್ಲ. ಆಗಾಗ ಉಸ್ಸೆನ್ನುತ್ತದೆ. ಉಸ್ಸೆನ್ನುವುದೇ ಒಳ್ಳೆಯದು, ಸುಮ್ಮನಾದರೆ ಭಯಪಡಬೇಕು ಎಂದು ನಮ್ಮ ಮನೆಯವರು ಹೇಳುತ್ತಿದ್ದರು.

ಬೆಳಗಿನ ಪ್ರಾರ್ಥನೆ ಮತ್ತೆ ಗಂಟಲಿನಿಂದ ಹೊರಬರುತ್ತಿದೆ. ಸಂತೋಷವೇನಿಲ್ಲ. ಕೋಟು ಹಾಕಿಕೊಂಡ ಹಾಗೆ ಹೇಳಿ ಹೊರಡುತ್ತೇನೆ.

ಮಾರ್ಚ್ 26, ಭಾನುವಾರ

ಭಾನುವಾರದ ಪಾಳಿ ಮಧ್ಯಾಹ್ನದ್ದು. ಆರಾಧನೆ ಮುಗಿಸಿ ನೇರ ಕೆಲಸಕ್ಕೆ ಹೋದೆ. ಹಾಸಿಗೆ ಹೊದಿಕೆಗಳ ರಾಶಿಯ ಮುಂದೆ ನಿಂತಿದ್ದಾಗ ಮೆಟ್ಟಿಲಿನಲ್ಲಿ ಚಪ್ಪಲಿಯ ಸದ್ದಾಯಿತು. ಮಗಳು. ಬಾಯ್ಲರಿನ ಸದ್ದಿಗೆ ಕೊನೆಯ ಮೆಟ್ಟಿಲಿನಲ್ಲೇ ನಿಂತಳು.

‘ಮೇಲೆ ಕೇಳಿದೆ. ಇಲ್ಲಿದೀಯ ಅಂದ್ರು. ಯಾಕೆ ಅಂತಲೂ ಹೇಳಿದ್ರು.’

‘ಊಟ ಆಯ್ತಾ?’

‘ಇಲ್ಲ ಅನ್ನಬಹುದಿತ್ತಲ್ಲಮ್ಮ.’

‘ಅನ್ನಬಹುದಿತ್ತು.’

‘ಅವನು ಆವತ್ತು ವಿಚಾರಣೆಯಲ್ಲಿ ಇಲ್ಲ ಅಂದ. ಅವನಿಗೆ ಬಡ್ತಿ ಸಿಕ್ತು, ಮಗನಿಗೆ ಕೆಲಸ ಸಿಕ್ತು. ನಿನಗೆ ಇದು ಸಿಕ್ತು.’ ತೇವದ ಗೋಡೆಗಳ ಕಡೆ ಕೈ ತೋರಿಸಿದಳು. ‘ನಾನು ಹೇಳಿಕೊಟ್ಟೆ ಅಂತನಾದ್ರೂ ಹೇಳಬಾರದಿತ್ತಾ?’

‘ಲೋಟ ಹಿಡಿದಿದ್ದು ನೀನಲ್ಲವಲ್ಲ.’

ಅವಳು ಮೆಟ್ಟಿಲಿಳಿದು ಹತ್ತಿರ ಬಂದಳು. ಹೊದಿಕೆಯ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ತುದಿ ನೆಲಕ್ಕೆ ತಾಗುತ್ತಿತ್ತು. ಅದನ್ನು ಎತ್ತಿ ಹಿಡಿದುಕೊಂಡಳು. ಇಬ್ಬರೂ ಎಳೆದು ಕೊಡವಿದೆವು, ಮಡಿಸಿದೆವು.

‘ಅಪ್ಪನ ಬಗ್ಗೆ ಅವನು ಹೇಳಿದ್ದು ಹೇಗೆ? ಹೇಗೆ ಹೇಳಿದನೋ ಹಾಗೇ ಹೇಳು.’

ಹೇಳಿದೆ. ಉಗುರು ಕತ್ತರಿಸುತ್ತಿದ್ದದ್ದು, ಹಾಲಿನ ಗಾಡಿ, ಎದೆ ತಟ್ಟಿಕೊಂಡದ್ದು. ಮತ್ತೊಮ್ಮೆ ಹೇಳು ಎಂದಳು. ಮತ್ತೊಮ್ಮೆ ಹೇಳಿದೆ. ಅವಳ ಮೂಗಿನ ತುದಿ ಕೆಂಪಾಯಿತು, ಆದರೆ ಅಳಲಿಲ್ಲ.

‘ನಮ್ಮಿಬ್ಬರಿಗೆ ಗೊತ್ತಾದ್ರೆ ಸಾಕಾ?’

‘ಸಾಲದು.’

‘ದೇವರಿಗೆ ಗೊತ್ತಲ್ಲ ಅಂತ ಹೇಳಬೇಡ.’

‘ಹೇಳಲ್ಲ.’

ರಾಶಿ ಮುಗಿಯುವವರೆಗೆ ಮಡಿಸಿದೆವು. ಮನೆಗೆ ಬರುತ್ತೇನೆ ಎಂದು ಅವಳು ಹೇಳಲಿಲ್ಲ, ಬಾ ಎಂದು ನಾನೂ ಕರೆಯಲಿಲ್ಲ. ಕರೆದರೆ ಎಲ್ಲಿ ಬೇಡ ಎಂದುಬಿಡುತ್ತಾಳೋ ಎಂದು. ಹೊರಡುವಾಗ ಮೆಟ್ಟಿಲಿನ ಮೇಲೆ ನಿಂತು, ನನ್ನ ಕಡೆ ತಿರುಗದೆಯೇ ಕೇಳಿದಳು.

‘ಮುಂದಿನ ಭಾನುವಾರವೂ ಇದೇ ಹೊತ್ತಿಗಾ ನಿನ್ನ ಪಾಳಿ?’

ಹೌದು ಎಂದೆ.